‘ಗೆದ್ದು ಬೀಗಿದರು’ ಎಂದು ಬರೆಯಬಹುದಾ?

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ನಮ್ಮ ಹುಡುಗಿಯರು ತಾಲ್ಲೂಕು ಮಟ್ಟದ ಖೊಖೊದಲ್ಲಿ ಗೆದ್ದರು. ಗೆದ್ದ ಮೇಲೆ ಸೋತ ಶಾಲೆಯ ಹುಡುಗಿಯರ ಜೊತೆ ಕೂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದರು. ಎರಡೂ ಶಾಲೆಯವರು ಒಂದೇ ಟಂಟಂ ಆಟೋದಲ್ಲಿ ಹಾಡುತ್ತಾ ವಾಪಸ್ ಬಂದರು. ನಾನು ಖುಷಿಯಲ್ಲಿ ಶಾಲೆಯ ಬೋರ್ಡ್ ಮೇಲೆ ‘ಖೊಖೊದಲ್ಲಿ ಗೆದ್ದು ಬೀಗಿದ ನಮ್ಮ ಹುಡುಗಿಯರು’ ಎಂದು ಬರೆದೆ. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಹಿರಿಯರೊಬ್ಬರು ಅದನ್ನು ಓದಿ, ‘ಅಲ್ರೀ ಅಕ್ಕೋರ, ನಮ್ಮ ಹುಡುಗ್ಯಾರಿಗೆ ಸೊಕ್ಕು ಬಂದೈತಿ ಅಂತ ಬರದಂಗಾತಲ್ರೀ’ ಎಂದರು. ಪೇಪರಿನಲ್ಲಿ ದಿನಾ ಹೀಗೇ ಬರುತ್ತದಲ್ಲ ಎಂದೆ. ಅವರು ಒಪ್ಪಲಿಲ್ಲ. ಬೀಗು ಎಂದರೆ ಹೊಗಳಿಕೆಯಾ, ತೆಗಳಿಕೆಯಾ? ಹಿಗ್ಗು, ಹೆಮ್ಮೆ, ಆತ್ಮತೃಪ್ತಿ ಇವಕ್ಕೂ ಅದಕ್ಕೂ ಏನು ವ್ಯತ್ಯಾಸ? ಮಕ್ಕಳು ಕೇಳಿದ್ದು ಇನ್ನೊಂದು ಇದೆ: ಬೀಗರಿಗೂ, ಬೀಗದ ಕೈಗೂ, ಈ ಬೀಗುವುದಕ್ಕೂ ಸಂಬಂಧ ಇದೆಯಾ?

ಉತ್ತರ: ಟೀಚರ್, ನಾನು ಆ ಹಿರಿಯರ ಪಕ್ಷ. ಅವರ ಕಿವಿ ಚೆನ್ನಾಗಿದೆ. ಪೇಪರ್ ಓದಿ ಓದಿ ನಮಗೆ ರೂಢಿಯಾಗಿ ಹೋದ ಪದ ಅವರ ಕಿವಿಗೆ ಇನ್ನೂ ಚುಚ್ಚುತ್ತಿದೆ. ಹಾಗಂತ ನೀವು ತಪ್ಪು ಕನ್ನಡ ಬರೆದಿರಿ ಎನ್ನುತ್ತಿಲ್ಲ. ವಾಕ್ಯ ಸರಿಯಾಗೇ ಇದೆ. ಆದರೆ ಆ ಹುಡುಗಿಯರು ಮಾಡದೇ ಇದ್ದದ್ದನ್ನು ಅದು ಅವರ ಮೇಲೆ ಹಾಕುತ್ತದೆ. ಹೇಗೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಪದದ ಮೇಲೆ ನನಗೆ ತುಂಬಾ ಪ್ರೀತಿ ಇದೆ.

ಬೀಗು ಎಂದರೆ ಮೊದಲಿಗೆ ಊದಿಕೊಳ್ಳುವುದು. ಮೈ ಊದುವುದು, ಬಾವು ಬರುವುದು. ಈ ಅರ್ಥ ನಮ್ಮ ಕಡೆಯ ಮಾತಿನಲ್ಲಿ ಈಗ ಉಳಿದಿಲ್ಲ. ಕಾಲು ಊದಿದರೆ ನಿಮ್ಮ ಕಡೆ ‘ಕಾಲು ಬಾತೈತಿ’ ಎನ್ನುತ್ತಾರೆ, ರಾಯಚೂರು ಕಡೆ ‘ಬಾತದ’ ಎನ್ನುತ್ತಾರೆ. ಕಾಲು ಬೀಗಿದೆ ಅಂತ ಈ ಕಡೆ ಹೇಳುವುದಿಲ್ಲ. ಆದರೆ ತಮಿಳಿನಲ್ಲಿ ಇದೇ ಪದ ವೀಂಗು. ಅಲ್ಲಿ ಕಾಲು ಊದಿದವರು ಇವತ್ತಿಗೂ ಡಾಕ್ಟರ್ ಮುಂದೆ ಕೂತು ಕಾಲು ವೀಂಗಿದೆ ಅಂತಲೇ ಹೇಳುತ್ತಾರೆ. ತಮಿಳಿನ ಎಷ್ಟೋ ವಕಾರಗಳು ನಮ್ಮಲ್ಲಿ ಬಕಾರ. ಅವರ ವಾಯ್ ನಮ್ಮ ಬಾಯಿ, ಅವರ ವೇರ್ ನಮ್ಮ ಬೇರು, ಅವರ ವಿಲ್ ನಮ್ಮ ಬಿಲ್ಲು. ವೀಂಗು, ಬೀಗು ಕೂಡ ಹಾಗೇ. ಇನ್ನು ತೆಲುಗು. ನಾನು ಬಳ್ಳಾರಿಯಲ್ಲಿ ಇಷ್ಟು ವರ್ಷ ಕನ್ನಡ ಪಾಠ ಮಾಡಿದವನು, ಬೀದಿಗೆ ಕಾಲಿಟ್ಟರೆ ಕಿವಿಗೆ ತೆಲುಗು ಬೀಳುವ ಊರು ಇದು. ದುಡ್ಡು ಬಂತೆಂದು ಎದೆ ಸೆಟೆಸಿ ಓಡಾಡುವವನನ್ನು ಕಂಡರೆ ತೆಲುಗರು ‘ವಿರ್ರವೀಗುತುನ್ನಾಡು’ ಎನ್ನುತ್ತಾರೆ. ಅದರ ಬಾಲದಲ್ಲಿರುವ ವೀಗು ನಮ್ಮ ಬೀಗುವೇ. ಒಂದು ಭಾಷೆಯಲ್ಲಿ ಕಾಲಿನ ಬಾವು, ಇನ್ನೊಂದರಲ್ಲಿ ಮನುಷ್ಯನ ಗರ್ವ. ಪದ ಒಂದೇ.

ನಮ್ಮ ಕನ್ನಡ ಗರ್ವವನ್ನು ಮೈಮೇಲೆ ನೋಡುವ ಭಾಷೆ. ಕೊಬ್ಬು ಅಂದರೆ ಮೈಯೊಳಗಿನ ಕೊಬ್ಬು. ಸೊಕ್ಕು ಅಂದರೆ ಅಮಲು. ಉಬ್ಬು, ಬೀಗು ಅಂದರೆ ಊತ. ಮನಸ್ಸಿನಲ್ಲಿ ಆಗುವುದಕ್ಕೆಲ್ಲ ದೇಹದ ಹೆಸರು.

ಹಾಗಾದರೆ ಊದುವುದೆಲ್ಲ ಕೆಟ್ಟದ್ದಾ? ಇಲ್ಲ. ನಮ್ಮ ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ನಾನು ಒಲೆ ಪಕ್ಕ ಕೂತು ನೋಡುತ್ತಿದ್ದೆ. ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಿದ್ದಳು. ನೀರು ಆರಿದ ಮೇಲೆ ಮಗುಚಿ ಹಾಕಿ, ಅರಿವೆಯಿಂದ ಅಂಚನ್ನು ಮೆಲ್ಲಗೆ ಒತ್ತುತ್ತಿದ್ದಳು. ಒಂದು ಕಡೆ ಸಣ್ಣ ಗುಳ್ಳೆ ಏಳುತ್ತಿತ್ತು. ಅದು ಹರಡುತ್ತಾ ಹೋಗಿ ಇಡೀ ರೊಟ್ಟಿ ಮೇಲೇಳುತ್ತಿತ್ತು. ‘ನೋಡು, ಹೆಂಗ ಉಬ್ಬೈತಿ’ ಎನ್ನುತ್ತಿದ್ದಳು. ಆ ‘ಉಬ್ಬೈತಿ’ಯಲ್ಲಿ ಬರೀ ಸಂತೋಷ. ಉಬ್ಬಿದ ರೊಟ್ಟಿ ಒಳ್ಳೆಯ ರೊಟ್ಟಿ. ಅದೇ ಅವ್ವ ಓಣಿಯ ಯಾರದೋ ಸುದ್ದಿ ಬಂದಾಗ ‘ಅವ ಭಾಳ ಉಬ್ಬ್ಯಾನ’ ಎಂದರೆ ಧ್ವನಿಯೇ ಬೇರೆ. ಉಬ್ಬು ಎಂಬ ಪದ ಹೀಗೆ ಎರಡೂ ಕಡೆ ಸಲ್ಲುತ್ತದೆ. ರೊಟ್ಟಿಯೂ ಉಬ್ಬುತ್ತದೆ, ಎದೆಯೂ ಉಬ್ಬುತ್ತದೆ, ಅಹಂಕಾರದಿಂದಲೂ ಉಬ್ಬುತ್ತಾರೆ. ಬೀಗು ಹಾಗಲ್ಲ. ರೊಟ್ಟಿ ಬೀಗುವುದಿಲ್ಲ. ನಮ್ಮ ಕಡೆ ಈಗ ಅದು ಮನುಷ್ಯರಿಗೆ ಮಾತ್ರ ಉಳಿದ ಪದ. ಶಾಲೆ, ಪಕ್ಷ, ದೇಶ ಬೀಗುತ್ತದೆ ಎಂದರೂ ಒಳಗಿರುವ ಮನುಷ್ಯರೇ ಬೀಗುವುದು.

ಬೀಗಬೇಕಾದರೆ ಎರಡು ಸಂಗತಿ ಬೇಕು. ಒಂದು, ಬೀಗುವವನ ಕೈಯಲ್ಲಿ ನಿಜವಾಗಿಯೂ ಏನಾದರೂ ಇರಬೇಕು. ದುಡ್ಡು, ಅಧಿಕಾರ, ಮಾರ್ಕ್ಸು, ಗೆಲುವು, ರೂಪ, ವಿದ್ಯೆ, ಏನೋ ಒಂದು. ಏನೂ ಇಲ್ಲದೆ ದೊಡ್ಡ ಮಾತಾಡಿದರೆ ಅದು ಬಡಾಯಿ, ಬೀಗುವುದಲ್ಲ. ಎರಡನೆಯದು ಇನ್ನೂ ಮುಖ್ಯ. ಬೀಗುವವನ ಕಣ್ಣಲ್ಲಿ ಒಬ್ಬ ಕೆಳಗಿನವನು ಇರಬೇಕು. ಸೋತವನೋ, ಬಡವನೋ, ಕಡಿಮೆ ಓದಿದವನೋ. ಅವನು ಎದುರಿಗೇ ಇರಬೇಕೆಂದಿಲ್ಲ, ಮನಸ್ಸಿನಲ್ಲಿದ್ದರೂ ಸಾಕು. ‘ನನ್ನ ಹತ್ತಿರ ಇದೆ’ ಎಂಬಷ್ಟಕ್ಕೇ ಯಾರೂ ಬೀಗುವುದಿಲ್ಲ. ‘ನನ್ನ ಹತ್ತಿರ ಇದೆ, ನಿನ್ನ ಹತ್ತಿರ ಇಲ್ಲ’ ಎಂಬಲ್ಲಿ ಬೀಗುವುದು ಶುರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆ ನೋಡಿ. ಅರ್ಧರಾತ್ರಿಯಲ್ಲಿ ನೋಡುವವರು ಯಾರಿದ್ದಾರೆ? ಬಿಸಿಲೂ ಇಲ್ಲ, ಜನರೂ ಇಲ್ಲ. ಆದರೂ ಕೊಡೆ ಬಿಚ್ಚುತ್ತಾನೆ. ನೋಡುವವರು ಅವನ ತಲೆಯೊಳಗೇ ಇದ್ದಾರೆ. ‘ಒಳಗೊಳಗೇ ಬೀಗಿದ’ ಎಂದು ನಾವು ಬರೆಯುವುದು ಇದೇ ಸ್ಥಿತಿಗೆ. ಬೀಗಲು ಬಾಯಿ ಬೇಕಿಲ್ಲ. ಜಂಬ ಕೊಚ್ಚಲು ಮಾತು ಬೇಕು, ಬಡಾಯಿಗೂ ಮಾತು ಬೇಕು. ಬೀಗುವವನು ಒಂದೂ ಮಾತಾಡದೆ, ತುಟಿಯ ಅಂಚಿನಲ್ಲಿ ಸಣ್ಣ ನಗು ಇಟ್ಟುಕೊಂಡು ಸುಮ್ನೆ ಕೂತಿರಬಹುದು.

ಈ ಎರಡೂ ಸಂಗತಿ ಒಟ್ಟಿಗೆ ಕಾಣುವ ಕಥೆ ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. 18ನೇ ಶತಮಾನದ ಮಾತು. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಅವರ ಪಾಂಡಿತ್ಯ ಸುಳ್ಳಲ್ಲ, ನಿಜವಾಗಿ ಇದ್ದದ್ದೇ. ಅದೇ ಸೀಮೆಯ ಚೀಕಲಪರ್ವಿಯವರು ವಿಜಯದಾಸರು. ಕನ್ನಡದಲ್ಲಿ ಹಾಡು ಕಟ್ಟಿ ಹಾಡುವ ದಾಸರು. ಗೆಜ್ಜೆ ಕಟ್ಟಿ ಕನ್ನಡದಲ್ಲಿ ಹಾಡುವವರೆಂದರೆ ಆಚಾರ್ಯರಿಗೆ ತಾತ್ಸಾರ. ದಾಸರು ಊಟಕ್ಕೆ ಕರೆದರೆ ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲವಂತೆ. ಆಮೇಲೆ ನಿಜವಾದ ಹೊಟ್ಟೆನೋವೇ ಹಿಡಿಯಿತು. ಕೊನೆಗೆ ವಿಜಯದಾಸರ ಕಾಲಿಗೇ ಬಂದು ಬಿದ್ದರು. ವಿಜಯದಾಸರು ಅವರನ್ನು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು, ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ಕೊಟ್ಟರು ಎನ್ನುತ್ತದೆ ದಾಸಪರಂಪರೆಯ ಕಥೆ. ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾದರು. ತಾತ್ಸಾರ ಮಾಡಿದ ಕನ್ನಡದಲ್ಲೇ ಹಾಡಿದರು. ಹರಿಕಥೆ ಹೇಳುವವರು ಈ ಭಾಗಕ್ಕೆ ಬಂದಾಗ ‘ಪಾಂಡಿತ್ಯದಿಂದ ಬೀಗುತ್ತಿದ್ದರು’ ಎಂದರೆ ಸಭೆಗೆ ತಕ್ಷಣ ತಿಳಿಯುತ್ತದೆ. ಅಲ್ಲಿ ಬೇರೆ ಪದ ಹಾಕಿ ನೋಡಿ. ‘ಪಾಂಡಿತ್ಯದಿಂದ ಹಿಗ್ಗುತ್ತಿದ್ದರು’ ಎಂದರೆ ಕಥೆಯೇ ನಿಂತು ಹೋಗುತ್ತದೆ. ಹೊಟ್ಟೆನೋವು ಬರಲು ಕಾರಣವೇ ಇರುವುದಿಲ್ಲ.

ಈಗ ಪೇಪರಿನ ವಿಷಯಕ್ಕೆ ಬರೋಣ. ‘ಗೆದ್ದು ಬೀಗಿದ’ ಎಂಬುದು ಆಟದ ಪುಟದ ಪದ. ಅದು ಹೇಗೆ ಅಲ್ಲಿ ಬೇರೂರಿತು ಎಂಬುದು ನನಗೆ ಅರ್ಥವಾಗುತ್ತದೆ. ಹೆಡ್‌ಲೈನ್‌ನಲ್ಲಿ ಜಾಗ ಕಡಿಮೆ, ಪದ ಚಿಕ್ಕದಿರಬೇಕು, ಕಣ್ಣಿಗೆ ಹೊಡೆಯಬೇಕು. ಬೀಗಿದ ಎಂದರೆ ಮೂರೇ ಅಕ್ಷರ. ಅದರ ಜೊತೆಗಾರರನ್ನೂ ನೋಡಿ: ಮಣಿಸಿದ, ಮುಗ್ಗರಿಸಿದ, ಬಗ್ಗುಬಡಿದ. ಒಬ್ಬ ಮಣಿಯುತ್ತಾನೆ, ಒಬ್ಬ ಬೀಗುತ್ತಾನೆ. ಆಟದ ಪುಟದಲ್ಲಿ ಸೋತವನೊಬ್ಬ ಯಾವಾಗಲೂ ಪಕ್ಕದಲ್ಲೇ ಇರುತ್ತಾನೆ. ಹಾಗಾಗಿ ಬೀಗು ಅಲ್ಲಿ ಅಷ್ಟೇನೂ ಅಪರಿಚಿತ ಎನಿಸುವುದಿಲ್ಲ. ಜಿದ್ದಾಜಿದ್ದಿನ ಕ್ರಿಕೆಟ್ ಮ್ಯಾಚ್‌ನಲ್ಲಿ ಆಟಗಾರ ಎದುರಾಳಿಯ ಮುಖಕ್ಕೆ ನೇರ ನೋಡಿ ಬ್ಯಾಟ್ ಎತ್ತಿದರೆ, ‘ಗೆದ್ದು ಬೀಗಿದ’ ಅಂತ ನಾನೂ ಬರೆಯುತ್ತೇನೆ.

ಆದರೆ ಅಲ್ಲಿಂದ ಪದ ಹೊರಗೆ ಬಂದುಬಿಟ್ಟಿದೆ. ಪರೀಕ್ಷೆಯ ರಿಸಲ್ಟ್ ಬಂದರೂ ಬೀಗಿದರು, ಪ್ರಶಸ್ತಿ ಬಂದರೂ ಬೀಗಿದರು, ತುಂಗಭದ್ರೆಯ ಕಾಲುವೆ ನೀರಲ್ಲಿ ಒಳ್ಳೆ ಭತ್ತ ಬೆಳೆದ ರೈತನೂ ‘ಬಂಪರ್ ಬೆಳೆ ತೆಗೆದು ಬೀಗಿದ’. ಈ ಕೊನೆಯದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಸಾಲ ತೀರಿಸಿ ಉಸಿರು ಬಿಟ್ಟ ಮನುಷ್ಯ ಅವನು. ಅವನು ಯಾರ ಮೇಲೆ ಬೀಗಬೇಕು? ಬೀಗು ಎಂಬುದಕ್ಕೆ ಬರೀ ‘ಖುಷಿಪಟ್ಟ’ ಎಂಬ ಅರ್ಥ ಬಂದುಬಿಟ್ಟರೆ, ನಿಜವಾಗಿ ಬೀಗುವವನನ್ನು ಹೇಳಲು ನಮ್ಮ ಹತ್ತಿರ ಏನು ಉಳಿಯುತ್ತದೆ? ಖುಷಿಗೆ ನಮ್ಮಲ್ಲಿ ಹತ್ತಾರು ಪದ ಇವೆ. ಈ ಒಂದು ಭಂಗಿಗೆ ಇರುವುದು ಇದೊಂದೇ.

ಹಿಗ್ಗು ಬೇರೆಯದೇ ದಾರಿ. ಅದೂ ದೊಡ್ಡದಾಗುವುದೇ, ಮೈ ಹಿಗ್ಗುತ್ತದೆ. ಆದರೆ ಅದರಲ್ಲಿ ಎದುರಾಳಿ ಇಲ್ಲ. ಹೊಸ ಅಂಗಿ ಹಾಕಿಕೊಂಡ ಮಗು ಹಿಗ್ಗುತ್ತದೆ. ತವರಿನಿಂದ ಅಣ್ಣ ಬಂದನೆಂದು ತಂಗಿ ಹಿಗ್ಗುತ್ತಾಳೆ. ಹಿಗ್ಗಿ ಹೀರೇಕಾಯಿ ಆದ ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಬೀಗಿ ಯಾವ ಕಾಯಿಯೂ ಆದವರಿಲ್ಲ. ಹಿಗ್ಗಿಗೆ ಎದುರು ಪದ ಕುಗ್ಗು. ಬೀಗುವುದಕ್ಕೆ ನಮ್ಮ ಜನ ಎದುರು ನಿಲ್ಲಿಸುವುದು ಬಾಗುವುದನ್ನು. ‘ಬೀಗಬೇಡ, ಬಾಗು’ ಎಂದು ಹಿರಿಯರು ಹೇಳುತ್ತಾರಲ್ವಾ? ಕುಗ್ಗುವುದು ಒಳಗಿನ ದುಃಖ. ಬಾಗುವುದು ಇನ್ನೊಬ್ಬರ ಮುಂದೆ.

ಹೆಮ್ಮೆಯ ಕಥೆ ಸರಳ. ಹಳಗನ್ನಡದಲ್ಲಿ ಅದು ಪೆರ್ಮೆ, ತಮಿಳಿನಲ್ಲಿ ಪೆರುಮೈ. ದೊಡ್ಡತನ ಎಂದರ್ಥ. ನಮ್ಮಲ್ಲಿ ಪಕಾರ ಹಕಾರವಾಗಿ ಹೆಮ್ಮೆ ಆಯಿತು. ಅದನ್ನು ಇನ್ನೊಬ್ಬರ ವಿಷಯದಲ್ಲೂ ಪಡಬಹುದು. ನಿಮ್ಮ ಹುಡುಗಿಯರ ಬಗ್ಗೆ ನಿಮಗೆ ಹೆಮ್ಮೆ. ಹಂಪಿಯ ಬಗ್ಗೆ ನಮಗೆಲ್ಲ ಹೆಮ್ಮೆ.

ಆತ್ಮತೃಪ್ತಿಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಇಂಗ್ಲಿಷ್ ಪಾಠದಲ್ಲಿ ಸ್ಮಗ್ ಎಂಬ ಪದ ಬಂದರೆ ಆತ್ಮತೃಪ್ತ, ಸ್ವಸಂತೃಪ್ತ ಎಂದು ಅರ್ಥ ಬರೆಸುವುದನ್ನು ನೋಡಿದ್ದೇನೆ. ಪದಕ್ಕೆ ಪದ ಜೋಡಿಸಿದರೆ ಸರಿ ಕಾಣುತ್ತದೆ, ಆದರೆ ಭಾವ ಪೂರ್ತಿ ತಿರುವುಮುರುವು. ಆತ್ಮತೃಪ್ತ ಎಂಬುದು ಗೀತೆಯ ಮೂರನೇ ಅಧ್ಯಾಯದ 17ನೇ ಶ್ಲೋಕದಲ್ಲಿ ಬರುತ್ತದೆ. ತನ್ನಲ್ಲೇ ತೃಪ್ತನಾದವನಿಗೆ ಮಾಡಬೇಕಾದ್ದು ಏನೂ ಉಳಿದಿಲ್ಲ ಎನ್ನುತ್ತದೆ ಆ ಶ್ಲೋಕ. ಅದು ದೊಡ್ಡ ಹೊಗಳಿಕೆ. ನಮ್ಮ ಮಾತಿನಲ್ಲೂ ಹಾಗೇ. ‘ದುಡ್ಡಿಗಲ್ಲರೀ, ಆತ್ಮತೃಪ್ತಿಗೆ ಮಾಡ್ತೀನಿ’ ಎಂದು ಉಚಿತವಾಗಿ ಪಾಠ ಹೇಳುವ ಮೇಷ್ಟ್ರು ಹೇಳುತ್ತಾರೆ. ಅವರನ್ನು ಸ್ಮಗ್ ಎನ್ನಲಾದೀತಾ? ಇಂಗ್ಲಿಷಿನ ಆ ಪದ 16ನೇ ಶತಮಾನದಲ್ಲಿ ನೀಟಾಗಿ, ಚೊಕ್ಕಟವಾಗಿ ಸಿಂಗರಿಸಿಕೊಂಡವರಿಗೆ ಹೇಳುವ ಪದವಾಗಿತ್ತು. ಬರಬರುತ್ತಾ ತನ್ನನ್ನು ತಾನೇ ಮೆಚ್ಚಿಕೊಂಡು ಕೂತವನಿಗೆ ಹೇಳುವಂತಾಯಿತು. ಅವರು ಬಟ್ಟೆಬರೆಯಿಂದ ಹೊರಟರು, ನಾವು ಮೈಯ ಊತದಿಂದ ಹೊರಟೆವು, ಬಂದು ಸೇರಿದ್ದು ಹತ್ತಿರ ಹತ್ತಿರ. ಕನ್ನಡದಲ್ಲಿ ಸ್ಮಗ್ ಎನ್ನಬೇಕಾದರೆ ‘ಒಳಗೊಳಗೇ ಬೀಗುವ’ ಎನ್ನಿ. ‘ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ’ ಎಂದರೂ ನಡೆಯುತ್ತದೆ. ಆತ್ಮತೃಪ್ತಿಯನ್ನು ಅದರ ಪಾಡಿಗೆ ಬಿಟ್ಟುಬಿಡಿ.

ನಿಮ್ಮ ಎಸ್‌ಡಿಎಂಸಿ ಹಿರಿಯರು ಬೀಗು ಎನ್ನದೆ ಸೊಕ್ಕು ಎಂದರು, ಅದನ್ನು ಗಮನಿಸಿದಿರಾ? ನಮ್ಮ ಸೀಮೆಯ ಆಡುಮಾತಿನಲ್ಲಿ ಬೀಗು ಜಾಸ್ತಿ ಓಡಾಡುವುದಿಲ್ಲ. ಓದಿದವರ ಬಾಯಲ್ಲಿ, ಬರವಣಿಗೆಯಲ್ಲಿ ಇರುವ ಪದ ಅದು. ಕಟ್ಟೆಯ ಮೇಲೆ ಕೂತವರು ‘ಭಾಳ ಮೆರಿಯಾಕತ್ಯಾನ’, ‘ಧಿಮಾಕ ಬಂದೈತಿ’ ಎನ್ನುತ್ತಾರೆ. ಧಿಮಾಕು ಉರ್ದುವಿನ ದಿಮಾಗ್, ಅಂದರೆ ಮೆದುಳು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಉರ್ದು ಪದಗಳು ನಮ್ಮ ಮನೆಯವೇ ಆಗಿಬಿಟ್ಟಿವೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಜೊತೆ ಇತ್ತು, ಇಲ್ಲಿ ತೆಲುಗಿನ ಒಡನಾಟ ಹೆಚ್ಚು. ಮೆರೆ ಎಂಬುದು ಅಪ್ಪಟ ಕನ್ನಡ, ಹೊಳೆ ಎಂಬ ಅರ್ಥದ್ದು. ಮೆರವಣಿಗೆ ಹುಟ್ಟಿದ್ದು ಅದರಿಂದಲೇ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಮೆರೆದರೆ ಎಲ್ಲರೂ ಕೈ ಮುಗಿಯುತ್ತಾರೆ. ಅದೇ ಕ್ರಿಯಾಪದ ಮನುಷ್ಯನಿಗೆ ಹಚ್ಚಿದರೆ ಬೈಗುಳ. ಹಿರಿಯರ ತಲೆಯಲ್ಲಿ ಬೀಗು ಈ ಗುಂಪಿನ ಜೊತೆ ಕೂತಿದೆ, ಹಿಗ್ಗಿನ ಜೊತೆ ಕೂತಿಲ್ಲ. ಅದಕ್ಕೇ ಅವರಿಗೆ ಸೊಕ್ಕು ಎಂದು ಕೇಳಿಸಿತು.

ಬೀಗು ಹೊಗಳಿಕೆಯ ಪದ ಅಲ್ಲ ಎಂಬುದಕ್ಕೆ ವ್ಯಾಕರಣವೇ ಸಾಕ್ಷಿ ಹೇಳುತ್ತದೆ. ಕ್ಲಾಸಿನಲ್ಲಿ ಮಕ್ಕಳಿಂದ ಮಾಡಿಸಿ ನೋಡಿ. ‘ಅವನು ಬೀಗುತ್ತಿದ್ದಾನೆ’ ಸಲೀಸು. ‘ನೀನು ಬೀಗಬೇಡ’ ಸಲೀಸು. ‘ನಾನು ಬೀಗುತ್ತಿದ್ದೇನೆ’ ಎಂದು ಯಾರಾದರೂ ಹೇಳುತ್ತಾರಾ? ‘ನೀನು ಬೀಗು’ ಎಂದು ಯಾರಾದರೂ ಹರಸುತ್ತಾರಾ? ಇಲ್ಲ. ಹಿಗ್ಗುತ್ತಿದ್ದೇನೆ, ಹೆಮ್ಮೆಪಡುತ್ತೇನೆ ಎಂದು ಧಾರಾಳವಾಗಿ ಹೇಳುತ್ತೇವೆ. ಬೀಗುವುದನ್ನು ನಮ್ಮ ಬಗ್ಗೆ ಹೇಳಿಕೊಳ್ಳುವುದು ಒಂದೇ ಕಡೆ, ಅದು ಭೂತಕಾಲದಲ್ಲಿ, ತಪ್ಪೊಪ್ಪಿಗೆಯಾಗಿ. ‘ಆಗ ನಾನು ಬೀಗಿದ್ದೆ.’ ನನಗೂ ಅಂಥ ಒಂದು ವಾಕ್ಯ ಇದೆ. ಕೆಲಸಕ್ಕೆ ಸೇರಿದ ಹೊಸತು. ನನ್ನ ವಿಷಯದಲ್ಲಿ ಆ ವರ್ಷ ಎಲ್ಲ ಹುಡುಗರೂ ಪಾಸಾದರು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯ ವಿಷಯದಲ್ಲಿ ಬಹಳ ಜನ ಫೇಲ್. ನಾನು ಏನೂ ಮಾತಾಡಲಿಲ್ಲ. ರಿಸಲ್ಟ್ ಶೀಟನ್ನು ಅವರಿಗೆ ಕಾಣುವ ಹಾಗೆ ಮೇಜಿನ ಮೇಲೆ ಬಿಚ್ಚಿಟ್ಟು ಹೊರಗೆ ಹೋದೆ, ಅಷ್ಟೇ. ವಾಪಸ್ ಬಂದಾಗ ಅವರು ಆ ಹಾಳೆ ಗಾಳಿಗೆ ಹಾರದಂತೆ ಅದರ ಮೇಲೆ ತಮ್ಮ ಡಸ್ಟರ್ ಇಟ್ಟಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಆ ದಿನ ನಾನು ಮಾಡಿದ್ದಕ್ಕೆ ಹಿಗ್ಗು ಎಂಬ ಪದ ಹೊಂದುವುದಿಲ್ಲ, ಹೆಮ್ಮೆಯೂ ಹೊಂದುವುದಿಲ್ಲ. ಬೀಗಿದ್ದೆ. ಆ ಪದ ಅಷ್ಟು ಕರಾರುವಾಕ್ಕು.

ಬರೆಯುವಾಗ ಅದರ ಹಿಂದೆ ಏನು ಬರುತ್ತದೆ ಎಂಬುದನ್ನೂ ಮಕ್ಕಳಿಗೆ ತೋರಿಸಿ. ‘ಅಧಿಕಾರದಿಂದ ಬೀಗಿದ’, ‘ತನ್ನಂಥವರು ಯಾರೂ ಇಲ್ಲವೆಂದು ಬೀಗಿದ’. ಇಂದ, ಎಂದು, ಇವೆರಡೂ ಅದಕ್ಕೆ ಚೆನ್ನಾಗಿ ಕೂಡುತ್ತವೆ. ಬೀಗುವಿಕೆ ಎಂಬ ನಾಮಪದ ಮಾಡಬಹುದು, ಆದರೆ ಮಾತಿನಲ್ಲಿ ಯಾರೂ ಬಳಸುವುದಿಲ್ಲ.

ಇನ್ನು ಮಕ್ಕಳ ಪ್ರಶ್ನೆ. ಮೂರೂ ಬೇರೆ ಬೇರೆ ಪದಗಳು, ಕೇಳಲು ಒಂದೇ ಥರ ಅಷ್ಟೇ. ಬಾಗಿಲಿನ ಬೀಗಕ್ಕೆ ತೆಲುಗಿನಲ್ಲಿ ಬೀಗಮು ಎನ್ನುತ್ತಾರೆ, ಅದಕ್ಕೂ ಊದುವುದಕ್ಕೂ ಸಂಬಂಧವಿಲ್ಲ. ಬೀಗರು ಮದುವೆಯಿಂದ ಆದ ನಂಟರು, ಅವರಿಗೂ ಬೀಗುವುದಕ್ಕೂ ನಂಟಿಲ್ಲ. ಮದುವೆ ಮನೆಯಲ್ಲಿ ಗಂಡಿನ ಕಡೆಯವರ ಗತ್ತು ನೋಡಿ ‘ಬೀಗರು ಬೀಗ್ಯಾರ’ ಎಂದು ಹೆಣ್ಣಿನ ಕಡೆಯವರು ನಗುವುದುಂಟು, ಬೀಗಿತ್ತಿಯನ್ನು ಜರಿದು ಹಾಡು ಹೇಳುವುದೂ ನಮ್ಮ ಕಡೆ ಉಂಟು. ಮಕ್ಕಳಿಗೆ ಆ ನಂಟು ಹೊಳೆದದ್ದು ನನಗೆ ಸಂತೋಷ. ಪದಗಳನ್ನು ಕಿವಿಯಿಂದ ಕೇಳುವ ಮಕ್ಕಳು ಅವರು.

ಕೊನೆಗೆ ನಿಮ್ಮ ಬೋರ್ಡು. ನಿಮ್ಮ ಹುಡುಗಿಯರ ಕೈಯಲ್ಲಿ ಗೆಲುವು ಇತ್ತು, ಸೋತವರು ಎದುರಿಗೇ ಇದ್ದರು. ಬೀಗಲು ಬೇಕಾದ ಎರಡೂ ಇದ್ದವು. ಆದರೂ ಅವರು ಸೋತವರ ಪಕ್ಕ ಕೂತು ಒಗ್ಗರಣೆ, ಮಿರ್ಚಿ ತಿಂದರು. ಒಂದೇ ಟಂಟಂ ಹತ್ತಿದರು. ಅಂದರೆ ಅವರು ಬೀಗಲಿಲ್ಲ. ನೀವೇ ಕಣ್ಣಾರೆ ನೋಡಿದ್ದೀರಿ. ‘ಗೆದ್ದು ಬಂದ ನಮ್ಮ ಹುಡುಗಿಯರು’ ಎಂದು ಬರೆಯಿರಿ. ಸಪ್ಪೆ ಅನಿಸಿದರೆ ‘ಗೆದ್ದು ನಲಿದ ನಮ್ಮ ಹುಡುಗಿಯರು’ ಎನ್ನಿ. ಜಾಗ ಇದ್ದರೆ ಕೆಳಗೆ ಇನ್ನೊಂದು ಸಾಲು ಸೇರಿಸಿ, ಸೋತ ತಂಡದ ಶಾಲೆಯ ಹೆಸರು ಹಾಕಿ, ಅವರ ಜೊತೆ ಹಾಡುತ್ತಾ ಬಂದದ್ದನ್ನೂ ಬರೆಯಿರಿ. ಬರೆದ ಮೇಲೆ ಆ ಹಿರಿಯರಿಗೇ ಮೊದಲು ಓದಲು ಹೇಳಿ.